ತಕ್ಕಡಿ ಅಕ್ಕ ಮತ್ತು ಉಳಿದ ಒಂದು ಪೈಸೆ

ಎರಡು ವರ್ಷದಿಂದ ಒಂದು ಹಾಸ್ಯ ಕಾದಂಬರಿ ಬರೆಯುತ್ತಿದ್ದೇನೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈಗ ಯಾರಾದರೂ ‘ಎಲ್ಲಿಗೆ ಬಂತಪ್ಪಾ’ ಅಂದರೆ ಬಾಯಿ ತುಂಬ ಮಂಡಕ್ಕಿ ತುಂಬಿಕೊಂಡು ಸುಮ್ನೆ ತಲೆ ಆಡಿಸುತ್ತೇನೆ.

ಕಥೆ ನಡೆಯುವುದು ಇಲ್ಲೇ, ದಾವಣಗೆರೆಯಲ್ಲಿ, 1960ರ ದಶಕದಲ್ಲಿ. ಆಗ ನಮ್ಮೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಸ್ವಂತ ಜಿಲ್ಲೆ ಆಗಿದ್ದು 1997ರಲ್ಲಿ. ರಾಜ್ಯದ ಹೆಸರು ಇನ್ನೂ ಮೈಸೂರು. ಹತ್ತಿ ಗಿರಣಿಗಳು ಜೋರಾಗಿದ್ದ ಕಾಲ.

ನಾಯಕಿ ಹಳೇಪೇಟೆಯವಳು, ಗಂಡನ ಕಾಳಿನ ಅಂಗಡಿಯ ಲೆಕ್ಕ ಬರೆಯುವವಳು. ಯಾರ ಮದುವೆಗೆ ಹೋದರೂ ಊಟ ಮುಗಿಯುವ ಮೊದಲೇ ಎಷ್ಟು ಎಲೆ ಬಿತ್ತು, ಎಷ್ಟು ಅನ್ನ ದಂಡ ಆಯಿತು ಅಂತ ಜೋರಾಗಿ ಹೇಳುವ ಹೆಂಗಸು, ಹಾಗಾಗಿ ಜಾಸ್ತಿ ಯಾರೂ ಕರೆಯುವುದಿಲ್ಲ. ಇವಳು ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲುತ್ತಾಳೆ.

ಮೊದಲ ಸಲ ಬರೆದಾಗ ನಾನು ಇವಳನ್ನು ದೊಡ್ಡ ಆದರ್ಶವಾದಿ ಮಾಡಿಬಿಟ್ಟಿದ್ದೆ. ಬಡವರ ಪರ, ಹೆಂಗಸರ ಪರ, ಸತ್ಯದ ಪರ. ನಮ್ಮಮ್ಮ ನಲವತ್ತು ಪುಟ ಓದಿ ಕನ್ನಡಕ ತೆಗೆದಿಟ್ಟು, ‘ಇವಳು ಬಾಯಿ ತೆಗೆದ್ರೆ ಭಾಷಣ ಮಾಡ್ತಾಳಲ್ಲೋ, ನಗು ಎಲ್ಲೈತಿ?’ ಅಂದರು. ಕೋಪ ಬಂತು. ಆಮೇಲೆ ನಲವತ್ತು ಪುಟವನ್ನೂ ಹರಿದು ಹಾಕಿದೆ.

ಆ ಕಾಲದಲ್ಲಿ ನಿಜವಾಗಿ ಗಟ್ಟಿ ಹೆಂಗಸರು ರಾಜಕೀಯದಲ್ಲಿ ಇದ್ದರು. ಕೆ.ಎಸ್. ನಾಗರತ್ನಮ್ಮ 1957ರಲ್ಲೇ ಗುಂಡ್ಲುಪೇಟೆಯಿಂದ ಪಕ್ಷೇತರರಾಗಿ ಗೆದ್ದು, ಮುಂದೆ ವಿಧಾನಸಭೆಯ ಅಧ್ಯಕ್ಷರೂ ಆದರು. ಅಂಥವರ ಬಗ್ಗೆ ಜೀವನಚರಿತ್ರೆ ಬರೆಯಬೇಕು. ನನ್ನವಳು ಹಾಗಲ್ಲ. ಅವಳ ಮನೆ ಮುಂದಿನ ಚರಂಡಿ ಉಕ್ಕಿ ಪಡಸಾಲೆಗೆ ನೀರು ಬಂತು, ಅದಕ್ಕೇ ಚುನಾವಣೆಗೆ ನಿಂತಳು. ಪಕ್ಕದ ಬೀದಿಯ ಚರಂಡಿ ಉಕ್ಕಿದರೆ ಒಳಗೊಳಗೇ ಖುಷಿ ಪಡುವವಳು. ಇಷ್ಟು ಸಣ್ಣತನ ಕೊಟ್ಟ ಮೇಲೆ ನೋಡಿ, ಹೆಂಗಸು ತಾನಾಗೇ ಓಡಾಡತೊಡಗಿದಳು.

‘ಅಂಥ ನಿಜಲಿಂಗಪ್ಪನವರೇ ಹೊಸದುರ್ಗದಲ್ಲಿ ಸೋತ್ರು, ಆದ್ರೂ ಮುಖ್ಯಮಂತ್ರಿ ಆಗ್ಲಿಲ್ವಾ? ನಾನು ಸೋತ್ರೆ ಏನಾಯ್ತು?’ ಅಂತ ಗಂಡನಿಗೆ ಕೇಳುತ್ತಾಳೆ. 1962ರಲ್ಲಿ ನಡೆದದ್ದೇ ಅದು: ಸ್ವಂತ ಜಿಲ್ಲೆಯಲ್ಲಿ ಸೋತು, ಬಾಗಲಕೋಟೆಯಿಂದ ಅವಿರೋಧವಾಗಿ ಆಯ್ಕೆಯಾದರು. ಗಂಡ ಪಾಪ, ‘ನಿನಗೆ ಬಾಗಲಕೋಟೆಯಲ್ಲಿ ಯಾರವ್ರೆ’ ಅಂತಾನೆ.

ಅವಳಿಗೆ ಸಿಕ್ಕ ಗುರುತು ತಕ್ಕಡಿ. ಕಾಂಗ್ರೆಸ್‌ದು ಜೋಡೆತ್ತು, ಪ್ರಜಾ ಸೋಷಲಿಸ್ಟರದು ಗುಡಿಸಲು, ಜನಸಂಘದ್ದು ದೀಪ. ತಕ್ಕಡಿ ಹಿಡಿದುಕೊಂಡು ಮಂಡಿಪೇಟೆಗೆ ಹೋಗಿ, ಒಂದೊಂದು ಅಂಗಡಿ ಮುಂದೆ ನಿಂತು, ‘ನಿಮ್ಮ ತಕ್ಕಡಿ ಸರಿ ಇದ್ರೆ ನನ್ನ ತಕ್ಕಡಿಗೆ ಓಟು ಹಾಕ್ರಿ’ ಅಂತಾಳೆ. ಸೇರು ಹೋಗಿ ಕಿಲೋ ಬರುತ್ತಿದ್ದ ಸಮಯ ಬೇರೆ. ಯಾವ ಸಾಹುಕಾರ ತಾನೇ ಆ ಮಾತಿಗೆ ಉತ್ತರ ಕೊಟ್ಟಾನು? ಗಲ್ಲಾಪೆಟ್ಟಿಗೆ ಮುಚ್ಚುವ ಸದ್ದು ಬೀದಿ ಉದ್ದಕ್ಕೂ ಕೇಳಿಸುತ್ತದೆ.

ನನಗೆ ತುಂಬ ಇಷ್ಟವಾದ ಪ್ರಸಂಗ ಪೈಸೆಯದು. 1957ರಲ್ಲಿ ನಯಾ ಪೈಸೆ ಬಂದಾಗ ಒಂದಾಣೆಗೆ 6 ಪೈಸೆ, ನಾಲ್ಕಾಣೆಗೆ 25 ಪೈಸೆ ಅಂತ ಲೆಕ್ಕ ಕಟ್ಟಿದರು. ಇವಳು ಮುನಿಸಿಪಾಲಿಟಿ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾಳೆ: ‘ಒಂದೊಂದಾಣೆ ಸಾಮಾನು ನಾಲ್ಕು ಸಲ ಕೊಂಡ್ರೆ 24 ಪೈಸೆ ಕೊಟ್ಟೆ. ಒಂದೇ ಸಲ ಕೊಂಡ್ರೆ 25. ಆ ಒಂದು ಪೈಸೆ ಯಾರ ಜೇಬಿಗೆ ಹೋಯ್ತು?’ ಅದು ದಿಲ್ಲಿಯವರ ವಿಷಯ ಕಣಮ್ಮಾ ಅಂದರೆ, ‘ಹಂಗಾದ್ರೆ ದಿಲ್ಲಿಗೆ ಕಾಗದ ಬರೀರಿ’ ಅಂತ ಕೂತುಬಿಡುತ್ತಾಳೆ. ಪಕ್ಕಾ ಗಾಂಧಿ ಟೋಪಿಯ ಐವರು ಸದಸ್ಯರು ಪೆನ್ಸಿಲ್ ಹಿಡಿದು ಆಣೆ ಲೆಕ್ಕ ಹಾಕುತ್ತಾರೆ, ಐವರಿಗೂ ಬೇರೆ ಬೇರೆ ಉತ್ತರ ಬರುತ್ತದೆ. ಇದನ್ನು ಬರೆಯುವಾಗಲೇ ಗೊತ್ತಾಯಿತು, ನಗು ಅವಳಲ್ಲಿ ಇಲ್ಲ. ಅವಳಿಗೆ ಎದುರಾಗಿ ಅಷ್ಟು ಗಂಭೀರವಾಗಿ ಕೂತಿರುವ ಗಂಡಸರಲ್ಲಿ ಇದೆ. ಅವಳು ತಮಾಷೆ ಮಾಡಬಾರದು, ಒಂದು ಸಲವೂ.

ಎಣಿಕೆಯ ಅಧ್ಯಾಯ ಮೊನ್ನೆ ಮುಗಿಸಿದೆ. ಮೊದಲೆರಡು ಮಹಾಚುನಾವಣೆಗಳಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇರುತ್ತಿತ್ತು, 1962ರ ಹೊತ್ತಿಗೆ ಚೀಟಿ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು. ನನ್ನ ಕಥೆಯಲ್ಲಿ ಹಳೇಪೇಟೆಯ ಮುದುಕಿಯರು ತಕ್ಕಡಿಯ ಒಂದು ತಟ್ಟೆ ಮೇಲೆ ಮುದ್ರೆ ಒತ್ತಿ, ಅದು ಆ ಕಡೆ ವಾಲಬಾರದಲ್ಲ ಅಂತ ಇನ್ನೊಂದು ತಟ್ಟೆ ಮೇಲೂ ಒತ್ತಿ ಬಂದಿದ್ದಾರೆ. ಎಣಿಸುವ ಮೇಜಿನ ಸುತ್ತ ಏಜೆಂಟರ ಜಗಳ ಶುರು. ಇದು ಒಂದು ಓಟೋ, ಎರಡೋ, ಸೊನ್ನೆಯೋ? ಹನ್ನೊಂದು ಪುಟ ಅದೇ ಜಗಳ. ಕೊನೆಗೆ ಅವಳು ಗೆಲ್ಲುತ್ತಾಳೆ.

ಅಮ್ಮ ಓದಿದರು. ಎರಡು ಕಡೆ ಜೋರಾಗಿ ನಕ್ಕರು, ಅಡುಗೆಮನೆಯಿಂದ ಹೆಂಡತಿ ಬಂದು ಏನಾಯಿತು ಅಂತ ಕೇಳುವಷ್ಟು. ನಾನು ಉಬ್ಬಿಹೋದೆ. ಹಾಳೆ ವಾಪಸ್ ಕೊಡುತ್ತಾ ಕೇಳಿದರು:

‘ಅಲ್ಲಪ್ಪಾ, ಆ ಚರಂಡಿ ಏನಾಯ್ತು?’

ಮರೆತೇಬಿಟ್ಟಿದ್ದೆ. ಮೂರನೇ ಅಧ್ಯಾಯದಿಂದ ಆ ನೀರು ಪಡಸಾಲೆಯಲ್ಲೇ ನಿಂತಿದೆ.