ಕುಂಟೆಬಿಲ್ಲೆ ಕಲಿಸುವಾಗ ಕೈ ಹಿಡಿಯಬೇಡಿ

ಮಗುವಿಗೆ ಕುಂಟೆಬಿಲ್ಲೆ ಕಲಿಸಲು ಹೊರಟ ಅಪ್ಪ ಅಮ್ಮ ಮೊದಲು ಅದರ ಕೈ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಆಟದ ಅರ್ಧ ಪ್ರಯೋಜನ ಹೋಯಿತು. ಆಸರೆ ಸಿಕ್ಕರೆ ಮಗು ಮೈಭಾರವನ್ನೆಲ್ಲ ನಿಮ್ಮ ಕೈಮೇಲೆ ಬಿಡುತ್ತದೆ. ಆಯ ತಪ್ಪದಂತೆ ನೋಡಿಕೊಳ್ಳುವ ಕೆಲಸ ಅದರ ಪಾದಕ್ಕೂ ಸೊಂಟಕ್ಕೂ ಬರುವುದೇ ಇಲ್ಲ.

ಕೈ ಕೊಡುವ ಬದಲು ಅಂಕಣವನ್ನು ಮಗುವಿನ ಅಳತೆಗೆ ಬರೆಯಿರಿ. ಎರಡು ಸಾಲು, ಸಾಲಿಗೆ ನಾಲ್ಕರಂತೆ 8 ಮನೆ. ಐದು ವರ್ಷದ ಮಗುವಿಗೆ ಒಂದೊಂದು ಮನೆ ಒಂದೂವರೆ ಅಡಿ ಇರಲಿ. ಒಂದಡಿಯಾದರೆ ಕಾಲು ಗೆರೆಗೆ ತಾಗುತ್ತಲೇ ಇರುತ್ತದೆ, ಎರಡಡಿಯಾದರೆ ಒಂದು ನೆಗೆತಕ್ಕೆ ದಾಟುವುದು ಕಷ್ಟ. ಕುಂಟುವ ಕಾಲಿನಿಂದಲೇ ಬಿಲ್ಲೆ ತಳ್ಳುವ ನಿಯಮ ಸದ್ಯಕ್ಕೆ ಬೇಡ. ಬಿಲ್ಲೆ ಬಿದ್ದ ಮನೆ ಬಿಟ್ಟು ಕುಂಟಿ ಹೋಗಿ, ಬರುವಾಗ ಬಗ್ಗಿ ಎತ್ತಿಕೊಂಡರೆ ಸಾಕು. ಬಗ್ಗುವಾಗಲೇ ಹೆಚ್ಚು ಮಕ್ಕಳು ಬೀಳುವುದು. ಆಗ ಇನ್ನೊಂದು ಕಾಲೂರಲು ಅವಕಾಶ ಕೊಡಿ.

ಬಿಲ್ಲೆಗೆ ಎರಡಿಂಚಿನ ಹೆಂಚಿನ ಚೂರೇ ಒಳ್ಳೆಯದು. ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಳ್ಳಿ. ನುಣುಪಾದ ಟೈಲ್ಸ್ ಚೂರು ಸಿಮೆಂಟಿನ ಮೇಲೆ ಜಾರಿ ಆಚೆ ಹೋಗುತ್ತದೆ, ಪ್ಲಾಸ್ಟಿಕ್ ಮುಚ್ಚಳ ಪುಟಿಯುತ್ತದೆ. ದಿನಕ್ಕೊಂದು ಬಿಲ್ಲೆ ಬದಲಿಸಬೇಡಿ: ಇಷ್ಟು ಬಲ ಹಾಕಿದರೆ ಇಷ್ಟು ದೂರ ಎಂಬ ಅಂದಾಜು ಕೈಗೆ ಕೂರುವುದು ಒಂದೇ ಬಿಲ್ಲೆಯಲ್ಲಿ ಆಡಿದಾಗ.

ಕುಂಟುವುದನ್ನು ಕಣ್ಣಿಗಿಂತ ಕಿವಿಯಿಂದ ಗಮನಿಸಿ. ‘ಧಪ್’ ಎಂದು ಸದ್ದು ಬಂದರೆ ಮಗು ಮಂಡಿ ಬಗ್ಗಿಸದೆ ಇಳಿಯುತ್ತಿದೆ ಎಂದರ್ಥ. ‘ಸದ್ದಾಗದ ಹಾಗೆ ನೆಗಿ’ ಎಂದರೆ ಸಾಕು, ಮಂಡಿ ತಾನೇ ಬಗ್ಗುತ್ತದೆ. ಎತ್ತಿದ ಕಾಲನ್ನು ಕೈಯಲ್ಲಿ ಹಿಡಿದುಕೊಳ್ಳುವ ಅಭ್ಯಾಸ ಬಿಡಿಸಿ, ತೋಳು ಬೀಸಿದರೆ ಮುಂದೆ ನೆಗೆಯುವುದು ಸುಲಭ. ಕಾಲುಚೀಲ, ಹವಾಯಿ ಚಪ್ಪಲಿ, ಒದ್ದೆ ನೆಲ ಮೂರೂ ಬೇಡ.

ಈ ಆಟದಲ್ಲಿ ನನಗೆ ಬಹಳ ಹಿಡಿಸುವ ನಿಯಮ ಒಂದಿದೆ: ಐದನೇ ಮನೆಯಲ್ಲಿ ಔಟಾದವರು ಮುಂದಿನ ಸರದಿಗೆ ಐದರಿಂದಲೇ ಶುರುಮಾಡುತ್ತಾರೆ. ಗೆದ್ದ ಮನೆಗಳು ಎಲ್ಲೂ ಹೋಗುವುದಿಲ್ಲ. ನಿನ್ನೆ ಮೂರಕ್ಕೆ ನಿಂತಿದ್ದ ಮಗು ಇವತ್ತು ಆರು ಮುಟ್ಟಿದ್ದನ್ನು ಯಾರೂ ಹೇಳಬೇಕಾಗಿಲ್ಲ, ಅದಕ್ಕೇ ಗೊತ್ತಿರುತ್ತದೆ. ‘ಭೇಷ್’ ಎನ್ನುವುದಕ್ಕಿಂತ ಧೈರ್ಯ ಬರುವುದು ಇದರಿಂದ. ‘ಗೆರೆ ತುಳಿದೆ’, ‘ಇಲ್ಲ ತುಳಿದಿಲ್ಲ’ ಎಂಬ ಜಗಳಕ್ಕೂ ದೊಡ್ಡವರು ಬಾಯಿ ಹಾಕಬಾರದು. ವಾದ ಹೂಡಲು, ಸೋತಾಗ ಒಪ್ಪಿಕೊಳ್ಳಲು ಮಕ್ಕಳು ಕಲಿಯುವುದು ಅಲ್ಲೇ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಚಟುವಟಿಕೆ, ವಾರಕ್ಕೆ ಕನಿಷ್ಠ 3 ದಿನ ಮೂಳೆ ಮತ್ತು ಸ್ನಾಯು ಗಟ್ಟಿಮಾಡುವಂಥದ್ದು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ನೆಗೆತ ಈ ಎರಡನೆಯ ಲೆಕ್ಕಕ್ಕೂ ಸೇರುತ್ತದೆ. ಎರಡೂ ಕಾಲಿಗೆ ಸರದಿ ಕೊಡಿ. ಒಂದು ಕಾಲು ಸ್ವಲ್ಪ ಹಿಂದಿರುವುದು ಸಹಜ. ಆದರೆ ಐದು ವರ್ಷ ದಾಟಿದ ಮೇಲೂ ಯಾವ ಕಾಲಿನಲ್ಲೂ ಕುಂಟಲಾಗದಿದ್ದರೆ, ಅಥವಾ ಯಾವಾಗಲೂ ಒಂದೇ ಪಕ್ಕಕ್ಕೆ ವಾಲಿ ಬೀಳುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.