ಏಳು ಮೆಟ್ಟಿಲ ಮಾಲ್ಗುಡಿ: ಕೆಲಸ ಎಲ್ಲಿಗೆ ಬಂತು

ಜುಲೈ, ಎರಡನೇ ಭಾನುವಾರ

ಈ ಸಲ ದಸರಾ ಗೊಂಬೆ ಜೊತೆ ಮಾಲ್ಗುಡಿ ಮಾಡುವುದು ಅಂತ ತೀರ್ಮಾನ ಆಯಿತು. ಆರ್.ಕೆ. ನಾರಾಯಣ್ ಕಥೆಗಳ ಕಲ್ಪನೆಯ ಊರು, ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಸೀರಿಯಲ್‌ನಲ್ಲಿ ತೋರಿಸಿದ್ದು. ತೀರ್ಮಾನ ಮಾಡಿದ್ದು ನಾನೊಬ್ಬಳೇ. ಮನೆಯಲ್ಲಿ ಇನ್ನೂ ಹೇಳಿಲ್ಲ. ಆದರೆ ರಟ್ಟು ತಂದಾಗಿದೆ.

ಮೈಸೂರಿನ ನಮ್ಮ ಮನೆಯಲ್ಲಿ ಏಳು ಮೆಟ್ಟಿಲು ಗೊಂಬೆ ಕೂರಿಸುತ್ತೇವೆ. ಮೆಟ್ಟಿಲುಗಳು ಅತ್ತೆಯವರ ವಶ. ಕೆಳಗಿನ ನೆಲ, ಅಂದರೆ ಪಾರ್ಕು, ನನ್ನದು. ಬೇರೆ ಮನೆಗಳಲ್ಲಿ ಆ ಜಾಗದಲ್ಲಿ ಮೃಗಾಲಯ, ಕ್ರಿಕೆಟ್ ಮೈದಾನ, ಜಂಬೂಸವಾರಿ ಇರುತ್ತದೆ. ನಮ್ಮಲ್ಲಿ ಸೀರಿಯಲ್ ಇರುತ್ತದೆ. ಮೂರು ವರ್ಷದ ಕೆಳಗೆ ಬಿ.ಆರ್. ಚೋಪ್ರಾ ಮಹಾಭಾರತ ಮಾಡಿದ್ದೆ. ಕಿರೀಟಗಳೆಲ್ಲ ಟಿವಿಯಲ್ಲಿ ಇದ್ದ ಹಾಗೇ ಬರಬೇಕು ಅಂತ ರಾತ್ರಿ ಎರಡು ಗಂಟೆವರೆಗೂ ಕೂತು ಚಮಕಿ ಅಂಟಿಸಿದ್ದು. ಬಂದವರೆಲ್ಲ "ಓ, ಮಹಾಭಾರತ" ಅಂದು ಕೋಸಂಬರಿ ತಿಂದು ಹೋದರು. ಯಾರ ಮಹಾಭಾರತ ಅಂತ ಒಬ್ಬರೂ ಕೇಳಲಿಲ್ಲ! ಹೋದ ವರ್ಷ ಟಿ.ಎನ್. ಸೀತಾರಾಮ್ ಅವರ ಸೀರಿಯಲ್‌ನ ಕೋರ್ಟು. ಕರಿಕೋಟಿನ ವಕೀಲ ಸಿ.ಎಸ್.ಪಿ. ಗೊಂಬೆ ಕಂಡಿದ್ದೇ ಪಕ್ಕದ ಬೀದಿಯ ಆಂಟಿಯೊಬ್ಬರು ಖುಷಿಗೆ ಕೂಗಿಬಿಟ್ಟರು. ಆ ಕೂಗಿಗೋಸ್ಕರವೇ ಈ ಕಷ್ಟ ಎಲ್ಲ. ಸುಳ್ಳು ಯಾಕೆ ಹೇಳಲಿ.

ಮಾಲ್ಗುಡಿಯನ್ನು ಇಷ್ಟು ವರ್ಷ ಮುಟ್ಟಿರಲಿಲ್ಲ. ಭಯ. ಮೊದಲ ಸಲ ನೋಡಿದಾಗ ನನಗೆ ಒಂಬತ್ತು ವರ್ಷ, 1987. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಎದುರು ಮನೆಯ ಚಾಪೆ ಮೇಲೆ ಕೂತು ನೋಡಿದ್ದು. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಮಾತು ಹಿಂದಿಯಾದರೂ ಮುಖಗಳೆಲ್ಲ ನಮ್ಮವೇ. ಕಥೆಯ ಹುಡುಗ ಸ್ವಾಮಿ ನಮ್ಮ ಮಾಸ್ಟರ್ ಮಂಜುನಾಥ್, ಅವನ ಅಪ್ಪ ಗಿರೀಶ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಹಿಂದಿ ಅಂದರೆ ಕನ್ನಡದವರು ಟಿವಿಯಲ್ಲಿ ಆಡುವ ಭಾಷೆ ಅಂತ ಸ್ವಲ್ಪ ದಿನ ನಂಬಿಕೊಂಡಿದ್ದೆ.

ಜುಲೈ, ಕೊನೆಯ ವಾರ

ಅಳತೆ ಲೆಕ್ಕದಲ್ಲೇ ಎರಡು ವಾರ ಹೋಯಿತು.

ಮನೆಯಲ್ಲಿದ್ದ ಚನ್ನಪಟ್ಟಣದ ಗೊಂಬೆಗಳನ್ನೇ ಜನ ಅಂತ ಇಡೋಣ ಅಂದುಕೊಂಡಿದ್ದೆ. ಒಂದೊಂದೂ ಮೂರು ಅಂಗುಲ. ಐದೂವರೆ ಅಡಿ ಮನುಷ್ಯ ಮೂರು ಅಂಗುಲ ಆದರೆ, ಮೂವತ್ತಡಿ ಅಗಲದ ಮನೆ 16 ಅಂಗುಲ ಆಗುತ್ತದೆ. ಬೀದಿಯ ಒಂದು ಪಕ್ಕಕ್ಕೆ ನಾಲ್ಕು ಮನೆ ಅಂದರೂ ಐದು ಅಡಿ ದಾಟಿತು. ನನಗಿರುವ ಜಾಗವೇ ಆರಡಿಗೆ ಮೂರಡಿ. ಸ್ಕೂಲು ಸೋಫಾ ಮೇಲೆ ಕಟ್ಟಬೇಕಿತ್ತು.

ಹಾಗಾಗಿ ಜನ ಒಂದೂವರೆ ಅಂಗುಲ, ಮನೆ ಎಂಟು ಅಂಗುಲ. ಅಂದರೆ 44ಕ್ಕೆ 1. ಚನ್ನಪಟ್ಟಣದವರು ವಾಪಸ್ ಮೆಟ್ಟಿಲಿಗೆ ಹೋದರು. ಜನರನ್ನು ಎಂ-ಸೀಲ್‌ನಲ್ಲಿ ನಾನೇ ಮಾಡಬೇಕು. ಇಲ್ಲಿಯವರೆಗೆ ಸ್ವಾಮಿ, ಅವನ ಗೆಳೆಯರು ಮಣಿ, ರಾಜಂ ಆಗಿದ್ದಾರೆ. ಮಣಿ ಚೆನ್ನಾಗಿ ಬಂದ. ಸ್ವಾಮಿ ಯಾಕೋ ನಮ್ಮ ಕಾರ್ಪೊರೇಟರ್ ಥರ ಕಾಣುತ್ತಾನೆ.

ಹೆಂಚಿಗೆ ಒಂದು ಉಪಾಯ ಸಿಕ್ಕಿತು. ಪಾರ್ಸಲ್ ಡಬ್ಬದ ರಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲಿನ ಹಾಳೆ ಸುಲಿದರೆ ಒಳಗೆ ಸಾಲು ಸಾಲು ಏಣು ಇರುತ್ತವೆ. ಅದಕ್ಕೆ ಕೆಮ್ಮಣ್ಣು ಬಣ್ಣ ಹಚ್ಚಿ, ಅರ್ಧ ಅಂಗುಲದ ಪಟ್ಟಿ ಮಾಡಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸಿದರೆ ಮಂಗಳೂರು ಹೆಂಚು. ನಿಜವಾದ ಮಾಡಿಗೂ, ಅಂದರೆ ಚಾವಣಿಗೂ, ಹೀಗೇ ಕೆಳಗಿನಿಂದ ಹೊದಿಸುತ್ತಾರೆ. ಇಲ್ಲದಿದ್ದರೆ ನೀರು ಒಳಗೆ ಬರುತ್ತದೆ.

ನಮ್ಮ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಈ ಗುಂಪಿನಲ್ಲಿ ಒಂಬತ್ತು ಜನ ಇದ್ದೇವೆ. ಯಾರೂ ಯಾರನ್ನೂ ನೋಡಿಲ್ಲ. ಹಳೇ ದೂರದರ್ಶನದ ಹುಚ್ಚೇ ನಮ್ಮ ನೆಂಟಸ್ತನ. ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು, ಹುಬ್ಬಳ್ಳಿಯ ಅಕ್ಕ, ನ್ಯೂಜೆರ್ಸಿಯ ಒಬ್ಬ ಹುಡುಗ. ಹುಡುಗನಿಗೆ ನಲವತ್ತೆರಡು. ಆದರೆ ಗುಂಪಿನಲ್ಲಿ ಅವನೇ ಚಿಕ್ಕವನು.

ಮೇಷ್ಟ್ರ ಉತ್ತರ ತಕ್ಷಣ ಬಂತು. "ತಂಗಿ, ಇದು ಮೈಸೂರು ಮಾಡು. ಆಗುಂಬೆ ಮಳೆಗೆ ಒಂದು ದಿನ ನಿಲ್ಲುವುದಿಲ್ಲ."

ಸರಿ ಅನ್ನಿಸಿತು. ಸೀರಿಯಲ್ ಜಾಸ್ತಿ ತೆಗೆದಿದ್ದು ಆಗುಂಬೆಯಲ್ಲೇ ತಾನೇ. ನಮ್ಮಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಯಲ್ಲಿ 7000 ದಾಟುತ್ತದೆ. ನಾನು ಕಟ್ಟಿದ ಮಾಡು ಚಪ್ಪಟೆ ಇತ್ತು, ಸೂರು ಗೋಡೆಗೇ ನಿಂತಿತ್ತು. ಅಲ್ಲಿನ ಮನೆಗಳಲ್ಲಿ ಮಾಡು ಕಡಿದಾಗಿ ಇಳಿದು, ಸೂರು ಜಗಲಿಯನ್ನೂ ದಾಟಿ ಮುಂದೆ ಬಂದಿರುತ್ತದೆ. ಆರು ಮಾಡು ಬಿಚ್ಚಿದೆ. ಬೈದುಕೊಂಡೇ ಬಿಚ್ಚಿದೆ.

ಆಗಸ್ಟ್, ಗೌರಿ ಹಬ್ಬಕ್ಕೆ ಮುಂಚೆ

ದೊಡ್ಡಮನೆ ಮುಗಿಯಿತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ಸೀರಿಯಲ್‌ನಲ್ಲಿ ಸ್ವಾಮಿಯ ಮನೆ ಅಂದರೆ ಆಗುಂಬೆಯ ದೊಡ್ಡಮನೆ. ಈಗಲೂ ಇದೆ. ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಕೆತ್ತನೆಯ ಮರದ ಕಂಬಗಳು. ಕಂಬಕ್ಕೆ ಹಳೇ ಲಟ್ಟಣಿಗೆಯ ಹಿಡಿ, ಚದುರಂಗದ ಪದಾತಿ, ಐಸ್‌ಕ್ಯಾಂಡಿ ಕಡ್ಡಿ ಎಲ್ಲ ಪ್ರಯತ್ನಿಸಿದೆ. ಕೊನೆಗೆ ಒಪ್ಪಿದ್ದು ಅಗರಬತ್ತಿಯ ಮರದ ಸ್ಟ್ಯಾಂಡಿನ ಕಾಲು. ಮಾಡನ್ನು ಅಂಟಿಸಿಲ್ಲ, ಮುಚ್ಚಳದ ಹಾಗೆ ಎತ್ತಬಹುದು. ಎತ್ತಿದರೆ ಒಳಗೆ ಅಜ್ಜಿ ಕೂತಿದ್ದಾರೆ.

ಮೇಷ್ಟ್ರು ಮಳೆಯಲ್ಲೇ ಬಸ್ ಹತ್ತಿ ಆಗುಂಬೆಗೆ ಹೋಗಿ, ಮನೆಯವರನ್ನು ಕೇಳಿ, ಜಗಲಿಯ ಅಳತೆಯನ್ನು ಹೆಜ್ಜೆಯಲ್ಲಿ ಎಣಿಸಿ ಕಳಿಸಿದರು. ಟೇಪು ಮರೆತಿದ್ದರಂತೆ. ಇನ್ನೊಂದು ಬಸ್ ಹಿಡಿದು ವಾಪಸ್ ಹೋಗಿ ತಮ್ಮ ಹೆಜ್ಜೆ ಎಷ್ಟು ಅಂಗುಲ ಅಂತ ಮನೆಯಲ್ಲಿ ಅಳೆದು ತಿಳಿಸಿದರು. ಮುಖ ನೋಡದವರಿಗೆ ಯಾರು ಇಷ್ಟು ಮಾಡುತ್ತಾರೆ?

ಒಂದು ಅನಾಹುತವೂ ಆಯಿತು. ಮಾಲ್ಗುಡಿಯ ಮೆಂಪಿ ಬೆಟ್ಟಕ್ಕೆ ಥರ್ಮಾಕೋಲ್ ಕೊರೆದು ಎರಡು ದಿನ ಕೂತಿದ್ದೆ. ಬೇಗ ಆಗಲಿ ಅಂತ ಹಸಿರು ಸ್ಪ್ರೇ ಪೇಂಟ್ ಹೊಡೆದೆ. ಬೆಟ್ಟ ಕಣ್ಣೆದುರೇ ಕರಗಿ ಕುಸಿಯಿತು. ಸ್ಪ್ರೇಯಲ್ಲಿರುವ ದ್ರಾವಕ ಥರ್ಮಾಕೋಲ್ ತಿನ್ನುತ್ತದೆ ಅಂತ ಮಗಳು ಆಮೇಲೆ ಹೇಳಿದಳು. ಇಂಥವನ್ನು ಮುಂಚೆ ಹೇಳಲ್ಲ ಈ ಮಕ್ಕಳು. ಹೊಸ ಬೆಟ್ಟ ಹಳೇ ಪೇಪರು, ಮೈದಾ ಅಂಟಿನದು. ಗಟ್ಟಿ ಇದೆ. ಒಂದು ಕಡೆ ಇರುವೆ ಮುತ್ತಿವೆ.

ಆಗಸ್ಟ್, ಕೊನೆಯ ಶನಿವಾರ

ಮನೆಗಳಾದವು. ಊರು ಆಗುತ್ತಿಲ್ಲ.

ಬೀದಿ ಜೋಡಿಸಲು ಕೂತಾಗ ಗೊತ್ತಾಯಿತು. ಸ್ವಾಮಿ ಮನೆಯಿಂದ ಹೊರಟರೆ ಸ್ಕೂಲು ಎಡಕ್ಕೋ ಬಲಕ್ಕೋ? ನಾನು ಎಡ ಅಂದೆ. ಹುಬ್ಬಳ್ಳಿ ಅಕ್ಕ "ಅಲ್ರೀ, ಬಲಕ್ಕ ಐತಿ. ನಾ ಕಣ್ಣ ಮುಚ್ಚಿದ್ರ ಕಾಣಸ್ತದ" ಅಂದರು. ಮಾಲ್ಗುಡಿಯ ಸರಯೂ ನದಿ ಎಲ್ಲಿ? ಕಥೆಯ ಬ್ರಿಟಿಷ್ ಅಧಿಕಾರಿ ಲಾಲೆ ಸಾಹೇಬರ ಪ್ರತಿಮೆ ಎದುರಿಗೆ ಯಾವ ಅಂಗಡಿ? ಒಂಬತ್ತು ಜನರಿಗೂ ಒಂದೊಂದು ನಕ್ಷೆ ಬರೆದು ಕಳಿಸಿ ಅಂದೆ. ಏಳು ಬಂದವು. ಒಂದಕ್ಕೊಂದು ಸೇರಲ್ಲ. ಒಂದರಲ್ಲಂತೂ ನದಿ ಬೆಟ್ಟ ಹತ್ತುತ್ತಿದೆ.

ಸರಿ, ಮತ್ತೆ ನೋಡೋಣ ಅಂತ ಸ್ವಾಮಿಯ ಎಂಟೂ ಕಂತು ಹಾಕಿದೆ. ನಿಲ್ಲಿಸಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ನಿಮಿಷ ಬರೆದುಕೊಂಡು. ನೋಡಿದಷ್ಟೂ ಊರು ಬಿಡಿ ಬಿಡಿ ಆಯಿತು. ಆಗುವುದೇ. ಶಂಕರ್‌ನಾಗ್ ಜಾಸ್ತಿ ಭಾಗ ತೆಗೆದಿದ್ದು ಆಗುಂಬೆಯಲ್ಲಿ. ಕೆಲವು ಕಂತಿಗೆ ತುಮಕೂರು ಹತ್ತಿರದ ದೇವರಾಯನದುರ್ಗಕ್ಕೂ ಬೆಂಗಳೂರಿಗೂ ಹೋಗಿದ್ದಾರೆ. ರೈಲು ನಿಲ್ದಾಣ ಹೊಸನಗರ ತಾಲ್ಲೂಕಿನ ಅರಸಾಳು. ಈ ಬೀದಿಯಲ್ಲಿ ಓಡಿದ ಹುಡುಗ ತಿರುಗಿದ ಮೂಲೆ ಇನ್ನೊಂದು ಜಿಲ್ಲೆಯಲ್ಲೂ ಇರಬಹುದು. ನಾವು ಚಾಪೆ ಮೇಲೆ ಕೂತವರು ಅದನ್ನೆಲ್ಲ ತಲೆಯಲ್ಲೇ ಹೊಲಿದುಕೊಂಡು ಒಂದು ಊರು ಮಾಡಿಕೊಂಡಿದ್ದೇವೆ. ಒಬ್ಬೊಬ್ಬರು ಒಂದೊಂದು ಥರ.

ಮಾಲ್ಗುಡಿ ಅಂದರೆ ಮಲ್ಲೇಶ್ವರ, ಬಸವನಗುಡಿ ಸೇರಿಸಿದ್ದು ಅಂತ ಗುಂಪಿನಲ್ಲಿ ಒಬ್ಬರು ಮತ್ತೆ ಹಾಕಿದರು. ವರ್ಷಕ್ಕೆರಡು ಸಲ ಬರುವ ಮೆಸೇಜು ಅದು. ಯಾರೂ ಉತ್ತರ ಕೊಡಲಿಲ್ಲ.

ಸ್ಕೂಲನ್ನು ಎಡಕ್ಕೇ ಇಟ್ಟೆ. ರಟ್ಟು ನನ್ನದು.

ಸೆಪ್ಟೆಂಬರ್, ಮೊದಲ ವಾರ

ನ್ಯೂಜೆರ್ಸಿ ಹುಡುಗನ ಪಾರ್ಸಲ್ ಬಂತು. ಮೈಸೂರಿಗೆ ಬರುತ್ತಿದ್ದ ಅವನ ಅಣ್ಣನ ಕೈಲಿ ಕಳಿಸಿದ್ದ. ಆಟದ ರೈಲು, ಒಂದು ಇಂಜಿನ್, ಎರಡು ಬೋಗಿ, ಗುಂಡಗಿನ ಹಳಿ ನಾಲ್ಕು ತುಂಡು, ನೇರ ಹಳಿ ಎರಡು. ಅವನ ಒಂದೇ ಒಂದು ಬೇಡಿಕೆ, ರಾಜಂ ಊರು ಬಿಟ್ಟು ಹೋಗುವ ದೃಶ್ಯ ಇರಬೇಕು. ಸ್ವಾಮಿ ಪುಸ್ತಕ ಹಿಡಿದು ನಿಲ್ದಾಣಕ್ಕೆ ಓಡಿ ಬರುತ್ತಾನಲ್ಲ, ರೈಲು ಹೊರಟೇಬಿಡುತ್ತದಲ್ಲ, ಅದು. ಅವನು ಓದಲು ಅಮೆರಿಕಕ್ಕೆ ಹೋದಾಗ ಗೆಳೆಯನೊಬ್ಬ ಬೀಳ್ಕೊಡಲು ತಡವಾಗಿ ಬಂದಿದ್ದನಂತೆ. ಅದಕ್ಕಿಂತ ಜಾಸ್ತಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ರೈಲನ್ನು ಸ್ವಾಮಿ ಪಕ್ಕ ಇಟ್ಟೆ. ಅಯ್ಯೋ. ಸ್ವಾಮಿಯ ತಲೆ ಬೋಗಿಯ ಸೂರಿಗೆ ಹತ್ತಿರ ಹತ್ತಿರ ಬಂತು. ಆ ರೈಲಿನ ಅಳತೆ 87ಕ್ಕೆ 1, ನನ್ನ ಊರು 44ಕ್ಕೆ 1. ಹೆಚ್ಚು ಕಡಿಮೆ ಅರ್ಧ. ಹಳಿಯ ನಡುವೆ 16.5 ಮಿಲಿಮೀಟರ್ ಇದೆ. ಅರಸಾಳು ಇರುವ ತಾಳಗುಪ್ಪ ಲೈನು ಆ ಕಾಲದಲ್ಲಿ ಮೀಟರ್ ಗೇಜ್, ಅಂದರೆ ಹಳಿಯ ನಡುವೆ ಒಂದು ಮೀಟರ್. ನನ್ನ ಅಳತೆಗೆ 23 ಇರಬೇಕಿತ್ತು. ರಾಜಂ ಕಿಟಕಿಯಲ್ಲಿ ಕೂರುವುದಿರಲಿ, ಬೋಗಿ ಮೇಲೆ ಕುದುರೆ ಸವಾರಿ ಮಾಡಬೇಕು.

ಅವನಿಗೆ ಹೇಗೆ ಹೇಳುವುದು? ಎರಡು ದಿನ ಸುಮ್ನೆ ಇದ್ದೆ. "ಬಂತಾ ಅಕ್ಕ?" ಅಂತ ಮೂರು ಸಲ ಕೇಳಿದ. "ಬಂತು, ಚೆನ್ನಾಗಿದೆ" ಅಂತ ಅಷ್ಟೇ ಬರೆದೆ.

ಸೆಪ್ಟೆಂಬರ್, ಎರಡನೇ ಭಾನುವಾರ

ಉಪಾಯ ಪಾತ್ರೆ ತೊಳೆಯುವಾಗ ಹೊಳೆಯಿತು. ರೈಲು ಚಿಕ್ಕದಾದರೆ ದೂರ ಇಟ್ಟರಾಯಿತು! ದೂರದ್ದು ಚಿಕ್ಕದಾಗಿ ಕಾಣುವುದು ತಾನೇ. ನಿಲ್ದಾಣವನ್ನು ಊರಿಗೆ ಸೇರಿಸಬೇಕು ಅಂತ ಒದ್ದಾಡುತ್ತಿದ್ದೆ. ಆಗುಂಬೆಗೆ ರೈಲೇ ಇಲ್ಲ. ಅರಸಾಳು ಅಲ್ಲಿಂದ ದೂರ. ದೂರವೇ ಇರಲಿ, ಮೇಲೆ, ಹಿಂದೆ. ಕೆಳಗಿನ ಬೀದಿಯಲ್ಲಿ ದೊಡ್ಡ ಸ್ವಾಮಿ ಓಡುತ್ತಿರಲಿ. ಮೇಲೆ ಚಿಕ್ಕ ರೈಲು, ಮುಕ್ಕಾಲು ಅಂಗುಲದ ಇನ್ನೊಬ್ಬ ಸ್ವಾಮಿ, ಕೈಯಲ್ಲಿ ಪುಸ್ತಕ. ಪುಸ್ತಕಕ್ಕೆ ಬಸ್ ಟಿಕೆಟ್ ಮಡಚಿ ಕತ್ತರಿಸಿದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

ಗುಂಪಿಗೆ ಹೇಳಿದಾಗ ಮೇಷ್ಟ್ರು ಒಂದು ವಿಷಯ ನೆನಪಿಸಿದರು. ಆರ್.ಕೆ. ನಾರಾಯಣ್ ಬರೆಯಲು ಕೂತಿದ್ದು ಬೆಂಗಳೂರಿನಲ್ಲಿ, 1930ರ ವಿಜಯದಶಮಿಯ ದಿನ. ಹೊಸ ನೋಟ್‌ಬುಕ್ ಎದುರಿಗಿಟ್ಟುಕೊಂಡು ಏನು ಬರೆಯಲಿ ಅಂತ ಯೋಚಿಸುವಾಗ ಅವರಿಗೆ ಮೊದಲು ಕಂಡಿದ್ದೇ ಮಾಲ್ಗುಡಿ ಅನ್ನುವ ಪುಟ್ಟ ರೈಲು ನಿಲ್ದಾಣ. ಬೀದಿಗಳೆಲ್ಲ ಆಮೇಲೆ. ನಾನು ಎರಡು ತಿಂಗಳು ಉಲ್ಟಾ ಕಡೆಯಿಂದ ಕಟ್ಟಿದ್ದೆ.

ಹಾಗಾದರೆ ನಿಲ್ದಾಣ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲೇ ಇರಬೇಕು ಅಂತ ಹುಬ್ಬಳ್ಳಿ ಅಕ್ಕನ ಹುಕುಂ. ಹೇಳುವುದು ಸುಲಭ. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಯದು.

ಸೆಪ್ಟೆಂಬರ್, ಗೊಂಬೆ ಕೂರಿಸಲು ಹತ್ತು ದಿನ

ಆಗಿದ್ದು: ಎಂಟು ಮನೆ, ಸ್ಕೂಲು, ಬೆಟ್ಟ (ಇರುವೆ ಹೋದವು), ಸ್ವಾಮಿಯ ಕ್ರಿಕೆಟ್ ಟೀಮು ಎಂ.ಸಿ.ಸಿ.ಯ ಹುಡುಗರು ಆರು ಜನ. ಹನ್ನೊಂದು ಮಾಡಲು ನನ್ನಿಂದ ಆಗಲ್ಲ. ಉಳಿದವರು ಬೆಟ್ಟದ ಹಿಂದೆ ಚೆಂಡು ಹುಡುಕುತ್ತಿದ್ದಾರೆ. ಲಾಲೆ ಸಾಹೇಬರ ಪೀಠ ಆಗಿದೆ. ಸಾಹೇಬರು ಬಾಲ್ಕನಿಯಲ್ಲಿ ಒಣಗುತ್ತಿದ್ದಾರೆ. ಸರಯೂ ನದಿ ಚಾಕಲೇಟಿನ ಬೆಳ್ಳಿ ಕಾಗದ. ನಾಳೆ ತಟ್ಟೆಗಳಲ್ಲಿ ರಾಗಿ ಚೆಲ್ಲಬೇಕು. ಹಬ್ಬದ ಹೊತ್ತಿಗೆ ಎರಡಂಗುಲ ಪೈರು ಬಂದರೆ ಆಗುಂಬೆ ಕಾಡು. ಮಗಳು ಫೋನಿಗೆ ಎಲ್. ವೈದ್ಯನಾಥನ್ ಅವರ ಟೈಟಲ್ ಸಂಗೀತ ಹಾಕಿ, ಬೆಟ್ಟದ ಹಿಂದೆ ಬಚ್ಚಿಡುತ್ತಾಳಂತೆ. ಸ್ವಾಮಿಯ ಮುಖ ನಾಲ್ಕನೇ ಸಲ ಮಾಡಿದೆ. ಇನ್ನು ಮುಟ್ಟಲ್ಲ.

ಉಳಿದಿದ್ದು ಅತ್ತೆಯವರನ್ನು ಕೇಳುವುದು. ಮೂರು ದಿನದಿಂದ ಮುಂದೂಡಿದ್ದೆ. ಇವತ್ತು ಅಟ್ಟದಿಂದ ಪೆಟ್ಟಿಗೆ ಇಳಿಸಿದಾಗ ಧೈರ್ಯ ಮಾಡಿ ಕೇಳಿದೆ. ಎರಡನೇ ಮೆಟ್ಟಿಲಲ್ಲಿ ಒಂದು ಮೂಲೆ ಕೊಟ್ಟರೂ ಸಾಕು ಅಂತ ಚೌಕಾಸಿಗೆ ತಯಾರಾಗೇ ಹೋಗಿದ್ದೆ.

ಅವರು ಹಳೇ ಪಂಚೆ ಬಿಚ್ಚಿ ಪಟ್ಟದ ಗೊಂಬೆಗಳನ್ನು ತೆಗೆದರು. ರಾಜನ ಮೂಗು ಸ್ವಲ್ಪ ಸವೆದಿದೆ. ಸೆರಗಿನಲ್ಲಿ ಒರೆಸುತ್ತಾ ಹೇಳಿದರು: "ಇವರನ್ನ ನಮ್ಮಮ್ಮ ಅರಸೀಕೆರೆಲಿ ನನ್ನ ಮಡಿಲಿಗೆ ಹಾಕಿ ರೈಲು ಹತ್ತಿಸಿದ್ದು. ಮೈಸೂರಿನ ತನಕ ತೊಡೆ ಮೇಲೇ ಇದ್ದರು. ಪಕ್ಕದಲ್ಲೇ ಇಡು ನಿನ್ನ ರೈಲನ್ನ."

ಮೇಲಿನ ಮೆಟ್ಟಿಲು ಅಳೆದೆ. ಪಟ್ಟದ ಗೊಂಬೆ, ಕಳಶ ಬಿಟ್ಟು 14 ಅಂಗುಲ ಸಿಗುತ್ತದೆ. ನೇರ ಹಳಿ ಎರಡೂ ಸೇರಿ 18. ನಾಲ್ಕು ಅಂಗುಲ ಕತ್ತರಿಸಬೇಕು. ನ್ಯೂಜೆರ್ಸಿಗೆ ಬೆಳಗಾದ ಮೇಲೆ ಅವನನ್ನು ಒಂದು ಮಾತು ಕೇಳಿ ಕತ್ತರಿಸುತ್ತೇನೆ.