ಬೇಲಿ ಕತ್ತರಿಸಿದ ಶನಿವಾರ

31 ಆಗಸ್ಟ್ 2024, ಶನಿವಾರ
ಡ್ಯಾಗನಮ್, ಪೂರ್ವ ಲಂಡನ್

ಬೆಳಗ್ಗೆ ಎಂಟಕ್ಕೇ ಓನರ್ ಫೋನು. ಮನೆ ಮುಂದಿನ ಬೇಲಿ ಕೀಳಿಸಿ, ಸಿಮೆಂಟು ಹಾಕಿಸಿ, ಕಾರು ನಿಲ್ಲೋ ಹಾಗೆ ಮಾಡ್ತಾರಂತೆ. ಹಾಗೆ ಮಾಡಿದರೆ ಬಾಡಿಗೆನೂ ಏರುತ್ತೆ ಅನ್ನೋದನ್ನ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಹತ್ತಿರ ಕಾರೇ ಇಲ್ಲ.

ಬೇಲಿ ಪ್ರಿವೆಟ್ ಗಿಡದ್ದು. ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ. ಎರಡು ವರ್ಷ ಸೋಮಾರಿತನ ಮಾಡಿದ್ದಕ್ಕೆ ಎದೆಮಟ್ಟ ಬೆಳೆದಿದೆ. ಕೀಳೋ ಮುಂಚೆ ಒಂದು ಸಲವಾದರೂ ನೆಟ್ಟಗೆ ಕತ್ತರಿಸೋಣ ಅನ್ನಿಸಿ ಕತ್ತರಿ ಹಿಡಿದೆ. ಹಾಸನದಿಂದ ಅಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, "ಅಷ್ಟೊಂದು ಸೊಪ್ಪು, ಆಡು ತಿನ್ನಲ್ವೇನೋ?" ಅಂದಳು. ತಿನ್ನಬಾರದಮ್ಮ, ವಿಷ.

ಸದ್ದು ಕೇಳಿ ಪಕ್ಕದ ಮನೆ ಅಜ್ಜಿ ಹೊರಗೆ ಬಂದರು. ಹುಟ್ಟಿದ್ದೇ ಆ ಮನೆಯಲ್ಲಿ, ಈಗಲೂ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಬಾಡಿಗೆ ಕಟ್ಟೋರು. "ನಮ್ಮಪ್ಪ ಇದ್ದಿದ್ರೆ ನಿನಗೆ ಚೆನ್ನಾಗಿ ಬೈತಿದ್ರು, ಲವ್" ಅಂದರು.

ಬೈಯೋದಕ್ಕೆ ಕಾರಣ ಇತ್ತು. ಮೊದಲ ಮಹಾಯುದ್ಧ ಮುಗಿದಾಗ, ಗೆದ್ದು ಬಂದ ಸೈನಿಕರಿಗೆ ಯೋಗ್ಯ ಮನೆ ಕೊಡ್ತೀವಿ ಅಂತ ಪ್ರಧಾನಿ ಲಾಯ್ಡ್ ಜಾರ್ಜ್ ಮಾತು ಕೊಟ್ಟಿದ್ದರು. 1919ರಲ್ಲಿ ವಸತಿ ಕಾಯ್ದೆ ಬಂತು. ಲಂಡನ್ ಕೌಂಟಿ ಕೌನ್ಸಿಲ್ ಇಲ್ಲಿನ ತರಕಾರಿ ತೋಟಗಳನ್ನು ಕೊಂಡು, 1921ರಿಂದ ನಮ್ಮ ಈ ಬೆಕಂಟ್ರಿ ಬಡಾವಣೆ ಕಟ್ಟಿಸಿತು. ಥೇಮ್ಸ್ ನದಿ ದಡದಲ್ಲಿ ಕಟ್ಟೋ ಸಾಮಾನು ಇಳಿಸೋಕೆ ಜೆಟ್ಟಿ. ಅಲ್ಲಿಂದ ಅದನ್ನ ತರೋಕೆ ತಾತ್ಕಾಲಿಕ ರೈಲುಹಳಿ. 1935ರ ಹೊತ್ತಿಗೆ 25 ಸಾವಿರಕ್ಕೂ ಹೆಚ್ಚು ಮನೆ! ಲಂಡನ್ನಿನ ಬಡವರ ಕೇರಿ ಈಸ್ಟ್ ಎಂಡಿನ ವಠಾರಗಳಲ್ಲಿ ಒಂದು ಕಕ್ಕಸಿಗೆ ಹತ್ತಾರು ಜನ ಕಾಯುತ್ತಿದ್ದವರಿಗೆ ಒಳಗೇ ಕಕ್ಕಸು, ಸ್ನಾನದ ತೊಟ್ಟಿ, ಹಿಂದೆ ಹಿತ್ತಿಲು. ಆದರೆ ಹತ್ತಿರದಲ್ಲಿ ಕೆಲಸ ಇರಲಿಲ್ಲ. ಫೋರ್ಡ್ ಕಾರ್ಖಾನೆ ಶುರುವಾದದ್ದೇ 1931ರಲ್ಲಿ. ಬಾಡಿಗೆ, ರೈಲು ಚಾರ್ಜು ಎರಡೂ ತೂಗಿಸಲಾರದೆ ಹಳೇ ವಠಾರಕ್ಕೇ ವಾಪಸ್ ಹೋದವರೂ ಇದ್ದರು.

ಉಳಿದವರಿಗೆ ಕೌನ್ಸಿಲ್ ನಿಯಮದ ಪುಸ್ತಕ ಕೊಟ್ಟಿತ್ತು. ಕಿಟಕಿ ಗಾಜು ವಾರಕ್ಕೊಮ್ಮೆ ಒರೆಸಬೇಕು, ತೋಟ ಚೊಕ್ಕಟವಾಗಿರಬೇಕು. ಮನೆ ಮುಂದೆ ಪ್ರಿವೆಟ್ ಬೇಲಿ ನೆಡಿಸಿದ್ದೂ ಕೌನ್ಸಿಲ್ಲೇ. ಬಾಡಿಗೆ ವಸೂಲಿಗೆ ಬರುವವನ ಕಣ್ಣು ದುಡ್ಡಿಗಿಂತ ಮೊದಲು ಬೇಲಿ ಮೇಲೆ ಬೀಳುತ್ತಿತ್ತು ಅಂತ ಅಜ್ಜಿ ನಕ್ಕರು. ಅತ್ತೆ ಮನೆಯಲ್ಲಿ ಇದ್ದ ಹಾಗೆ. ಆದರೂ ಅಂಥ ಅತ್ತೆ ಸಿಕ್ಕಿದ್ದು ಪುಣ್ಯ ಅನ್ನೋರೇ ಜಾಸ್ತಿ ಇದ್ದರಂತೆ.

1980ರಲ್ಲಿ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ತಾವಿದ್ದ ಮನೆಯನ್ನೇ ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡವರು ಮೊದಲು ಬದಲಾಯಿಸಿದ್ದು ಬಾಗಿಲು. ಎದುರಿಗಿನ ಜೋಡಿ ಮನೆ ನೋಡಬೇಕು: ಎಡಗಡೆಯದಕ್ಕೆ ಕಲ್ಲಿನ ಚಪ್ಪಡಿ ಹೊದಿಸಿದ್ದಾರೆ, ಬಲಗಡೆಯದು ಹಳೇ ಇಟ್ಟಿಗೆ. ಇಬ್ಬರಿಗೂ ಸೇರಿದ ಮಳೆನೀರಿನ ಕೊಳವೆ ಇದೆಯಲ್ಲ, ಸರಿಯಾಗಿ ಅಲ್ಲಿಗೆ ಕಲ್ಲು ನಿಂತಿದೆ. ಒಂದಿಂಚು ಆಚೆ ಹೋಗಿಲ್ಲ.

ನಾನಿರೋದೂ ಹಾಗೆ ಮಾರಿದ ಮನೆಯೇ. ಕೈ ಬದಲಾಗಿ ಬದಲಾಗಿ ಈಗ ಈ ಓನರ್ ಹತ್ತಿರ ಇದೆ. ಒಂದೇ ಗೋಡೆಯ ಆಚೆ ಅಜ್ಜಿ ಕಟ್ಟೋ ಬಾಡಿಗೆ ಕೇಳಿ ನನಗೆ ಹೊಟ್ಟೆ ಉರಿಯಿತು. ನನ್ನದರಲ್ಲಿ ಅರ್ಧವೂ ಇಲ್ಲ.

"ಕತ್ತರಿ ಹೇಗೂ ಹೊರಗಿದೆಯಲ್ಲ" ಅಂತ ಅವರ ಬೇಲಿಯನ್ನೂ ನನ್ನ ಕೈಲೇ ಕತ್ತರಿಸಿಕೊಂಡರು. ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, "ಎಡಕ್ಕೆ ಇಳಿದಿದೆ ನೋಡು" ಅಂತ ಮೂರು ಸಲ ತಿದ್ದಿಸಿದರು. ಒಟ್ಟು ನಾಲ್ಕು ಚೀಲ ಸೊಪ್ಪು.

ಸಂಜೆ ಓನರ್‌ಗೆ ಮೆಸೇಜ್ ಹಾಕಿದೆ: ಕಾರು ಒಳಗೆ ಬರಬೇಕಾದರೆ ಫುಟ್‌ಪಾತ್ ಅಂಚು ತಗ್ಗಿಸಬೇಕು, ಅದಕ್ಕೆ ಕೌನ್ಸಿಲ್ ಪರ್ಮಿಷನ್ ಬೇಕು, ಮೊದಲು ಅದನ್ನ ತಗೊಳ್ಳಿ. ಎರಡು ನೀಲಿ ಟಿಕ್ ಬಿದ್ದಿದೆ. ಉತ್ತರ ಇಲ್ಲ.